ಕುಸುಬಿ ಎಣ್ಣೆ ಕುಡಿದ ಬಂದೂಕು

ಮುಂಬಯಿಯ ಜುಹು ಚೌಪಾಟಿಯಲ್ಲಿ, ಕಡಲದಂಡೆಯ ಮರಳಿನಲ್ಲಿ, ಆಗ ಬಲೂನು ಹೊಡೆಯುವ ಅಂಗಡಿಗಳು ಐದಿದ್ದವು. ನಾಲ್ಕು ಗಂಡಸರವು, ಐದನೆಯದು ಹಾಲವ್ವನದು. ಅಂಗಡಿ ಅಂದರೆ ಏನು ಮಹಾ! ಮರಳಿನಲ್ಲಿ ಹುಗಿದು ನಿಲ್ಲಿಸಿದ ಒಂದು ಬೋರ್ಡು, ಅದಕ್ಕೆ ಸಾಲಾಗಿ ಕಟ್ಟಿದ ಬಲೂನುಗಳು, ಹತ್ತು ಹೆಜ್ಜೆ ಈಚೆಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಂದು ಏರ್ ಗನ್ನು. ಗಿರಾಕಿ ಬಂದು ಗನ್ನಿನ ನಳಿಗೆಯನ್ನು ಮಡಚಿ, ಜೋಳದ ಕಾಳಿನಷ್ಟು ಸೀಸದ ಛರ್ರಾ ತುಂಬಿ ಹೊಡೆಯಬೇಕು. ಬಲೂನು ಒಡೆದರೆ ಅವನು ಶೂರ. ಒಡೆಯದಿದ್ದರೆ ಹಾಲವ್ವ ತಪ್ಪನ್ನು ಗಾಳಿಯ ಮೇಲೆ ಹಾಕಿ ಬಾಯಿತುಂಬ ಸಮಾಧಾನ ಹೇಳುತ್ತಿದ್ದಳು: "ಆಜ್ ಹವಾ ಜಾಸ್ತಿ ಹೈ ಸಾಬ್, ಔರ್ ಏಕ್ ಬಾರ್ ಮಾರೋ."

ಅವಳು ಬಿಜಾಪುರ ಜಿಲ್ಲೆಯ ಬೀಳಗಿ ಕಡೆಯವಳು. ಗಂಡ ಭೀಮರಾಯನ ಜೊತೆ ಮುಂಬಯಿಗೆ ಬಂದ ಹೊಸದರಲ್ಲಿ, ಪವಾಯಿಯಲ್ಲಿ ದೊಡ್ಡ ಇಂಜಿನಿಯರಿಂಗ್ ಕಾಲೇಜು ಕಟ್ಟುವಾಗ, ಆರು ವರ್ಷ ತಲೆಯ ಮೇಲೆ ಇಟ್ಟಿಗೆ ಹೊತ್ತಿದ್ದಳು. ನಡುನೆತ್ತಿಯ ಕೂದಲು ಅಲ್ಲಿಯೇ ಸವೆದುಹೋಗಿತ್ತು. ವಯಸ್ಸಾಗಿ ಊರಿಗೆ ಹೊರಟ ಒಬ್ಬ ಬಲೂನಿನವನಿಂದ ಈ ಗನ್ನು ಅವಳ ಕೈಗೆ ಬಂತು ನೋಡಿ, ಅವತ್ತೇ ತಲೆಯ ಮೇಲಿನ ಸಿಂಬೆಯನ್ನು ಒಲೆಗೆ ಹಾಕಿ ಸುಟ್ಟಳು. "ಇನ್ನ ಈ ತಲಿ ಮ್ಯಾಲ ಹೂವು ಬಿಟ್ರ ಬ್ಯಾರೇ ಏನೂ ಏರೂದಿಲ್ಲ" ಅಂದಳು. ಅಂದಂತೆಯೇ ನಡೆದುಕೊಂಡಿದ್ದಳು ಕೂಡ.

ಭೀಮರಾಯ ಆರಡಿ ಆಳು. ಮೈ ನೋಡಿದರೆ ಪೈಲವಾನ, ಸ್ವಭಾವ ನೋಡಿದರೆ ಹಸುವಿನ ಕರು. ಗನ್ನಿನ ಸದ್ದಿಗೆ ಇವತ್ತಿಗೂ ಕಣ್ಣು ಮುಚ್ಚುತ್ತಿದ್ದ. ಬಲೂನು ಊದುವುದು, ಕಟ್ಟುವುದು, ಹೆಂಡತಿ ಬೈದಾಗ ನಗುವುದು, ಈ ಮೂರು ಕೆಲಸ ಅವನಿಗೆ ಚೆನ್ನಾಗಿ ಬರುತ್ತಿದ್ದವು. ಮೂರನೆಯದಕ್ಕೆ ದಿನಾಲೂ ಅವಕಾಶ ಸಿಗುತ್ತಿತ್ತು, ಯಾಕೆಂದರೆ ಹಾಲವ್ವನ ಲೆಕ್ಕದಲ್ಲಿ ಜಗತ್ತಿನ ತಪ್ಪುಗಳೆಲ್ಲ ಬೇರೆಯವರವು. ಹಾಲು ಉಕ್ಕಿದರೆ ಒಲೆಯದು ತಪ್ಪು. ಲೋಕಲ್ ರೈಲು ತಪ್ಪಿದರೆ ಭೀಮರಾಯನದು.

ಆ ಗನ್ನಿಗೆ ಚೌಪಾಟಿಯವರು ಇಟ್ಟ ಹೆಸರು 'ಮುದುಕಿ'. ಅದರ ಛರ್ರಾ ದಾರಿಯಲ್ಲಿ ಕೂತು ಸುಧಾರಿಸಿಕೊಂಡು ಬರುತ್ತದೆ ಎಂದು ಉಳಿದ ನಾಲ್ವರು ಆಡಿಕೊಳ್ಳುತ್ತಿದ್ದರು. ಹಾಲವ್ವನಿಗೇನೂ ಬೇಜಾರಿಲ್ಲ. ಬಲೂನು ಸುಮ್ಮಸುಮ್ಮನೆ ಒಡೆಯಬಾರದಲ್ಲ! ಮುದುಕಿಯ ಗುಣವೆಲ್ಲ ಅವಳಿಗೆ ಅಂಗೈಯಲ್ಲಿತ್ತು. ಡಿಸೆಂಬರಿನ ಬೆಳಿಗ್ಗೆ ಒಳಗಿನ ಗ್ರೀಸು ಗಟ್ಟಿಯಾಗಿ ಗನ್ನಿಗೆ ಆಲಸ್ಯ, ಮೇ ತಿಂಗಳ ಬಿಸಿಲಿಗೆ ಸ್ವಲ್ಪ ಹುರುಪು. ಮಳೆಗಾಲದಲ್ಲಿ ಚೌಪಾಟಿಯೇ ಬಂದ್. ಆ ನಾಲ್ಕು ತಿಂಗಳು ಗೋಣಿಚೀಲದಲ್ಲಿ ಮಲಗಿ ಎದ್ದರೆ ಒಳಗಿನ ತೊಗಲಿನ ವಾಶರು ಸೆಟೆದು ಸೀಳು ಬಿಟ್ಟಿರುತ್ತಿತ್ತು. ಆ ವರ್ಷ, ಅಂದರೆ ಎಪ್ಪತ್ತನೆಯ ಇಸವಿಯಲ್ಲೂ ಹಾಗೇ ಆಗಿ, ಭೀಮರಾಯ ಅದನ್ನು ಮಲಾಡ್ ಸ್ಟೇಶನ್ ಹತ್ತಿರ ರಿಪೇರಿ ಮಾಡುವ ಫಕ್ರುದ್ದೀನನ ಬಳಿ ಒಯ್ದು ಹೊಸ ವಾಶರು ಹಾಕಿಸಿ ತಂದಿದ್ದ.

ಅಷ್ಟರಲ್ಲಿ ದಸರೆ ಬಂತು.

ಖಂಡೇನವಮಿಯ ದಿನ ಮಲಾಡಿನ ಅವರ ಚಾಳಿನಲ್ಲಿ ಎಲ್ಲರ ಮನೆಯಲ್ಲೂ ದುಡಿಮೆಯ ಸಾಮಾನಿಗೆ ಪೂಜೆ. ಗೌಂಡಿಯ ಮನೆಯಲ್ಲಿ ಕರಣಿ, ಬಡಿಗನ ಮನೆಯಲ್ಲಿ ಗರಗಸ. ಹಾಲವ್ವನ ಮನೆಯಲ್ಲಿ ಗನ್ನು. ಭೀಮರಾಯ ಚೆಂಡುಹೂವು ತರಲು ಹೋಗಿದ್ದ. ಹಾಲವ್ವ ಗನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿದಳು, ಅರಿಸಿನ ಕುಂಕುಮ ಹಚ್ಚಿದಳು. ಅಷ್ಟಕ್ಕೆ ಅವಳ ಮನಸ್ಸು ತುಂಬಲಿಲ್ಲ. ಇಟ್ಟಿಗೆಯ ಕೆಲಸದಿಂದ ಬಿಡಿಸಿದ ತಾಯಿ ಇದು, ಬರೀ ಕುಂಕುಮಕ್ಕೆ ಸಾಗಹಾಕುವುದು ಹೇಗೆ? ಊರಿನಿಂದ ಬಂದಿದ್ದ ಕುಸುಬಿ ಎಣ್ಣೆಯನ್ನು ಬೆಚ್ಚಗೆ ಮಾಡಿಕೊಂಡು, ಮಗುವಿಗೆ ಎರೆಯುವ ಹಾಗೆ ಮೈಗೆಲ್ಲ ತಿಕ್ಕಿದಳು.

"ವರ್ಷಾನುಗಟ್ಲೆ ನಮ್ಮ ಹೊಟ್ಟಿ ತಂಪ ಇಟ್ಟೀಯವ್ವಾ, ನಿನ್ನ ಹೊಟ್ಟೀನೂ ಒಂದ ದಿನಾ ತಂಪಾಗ್ಲಿ" ಎಂದು, ಉಳಿದ ಎಣ್ಣೆಯನ್ನು ನಳಿಗೆಯ ಬಾಯಿಗೆ ಸುರಿದಳು. ಒಂದು ಪುಟ್ಟ ಬಟ್ಟಲು ಎಣ್ಣೆ. ಗನ್ನು ಗುಟುಗುಟು ಕುಡಿಯಿತು. ಹಾಲವ್ವನಿಗೆ ಕಣ್ಣು ತುಂಬಿ ಬಂತು.

ಪೂಜೆಗೆ ಇಟ್ಟ ಸಾಮಾನನ್ನು ಮರುದಿನ ಬನ್ನಿ ಹಂಚಿ ಮುಗಿಯುವ ತನಕ ಮುಟ್ಟುವಂತಿಲ್ಲ. ಹೀಗಾಗಿ ಎರಡು ದಿನ ಮುದುಕಿ ಬಾಯಿ ಮೇಲೆ ಮಾಡಿಕೊಂಡು ದೇವರ ಪಕ್ಕದ ಗೋಡೆಗೆ ಒರಗಿ ನಿಂತಿತ್ತು. ತಲೆಯ ಮೇಲೆ ತಗಡಿನ ಚಾವಣಿ, ಹೊರಗೆ ಅಕ್ಟೋಬರಿನ ಬಿಸಿಲು. ಆ ಖೋಲಿಯಲ್ಲಿ ಮಧ್ಯಾಹ್ನ ಕೂತರೆ ಮನುಷ್ಯರ ಮೈಯೇ ನೀರಾಗುತ್ತಿತ್ತು, ಇನ್ನು ಎಣ್ಣೆಯ ಪಾಡು ಕೇಳಬೇಕೆ? ತೆಳ್ಳಗಾಗಿ, ಸಿಕ್ಕ ಸಂದಿಯಲ್ಲೆಲ್ಲ ಇಳಿದು, ಗನ್ನಿನ ಹೊಟ್ಟೆಯೊಳಗೆ ಹಾಯಾಗಿ ಕೂತುಬಿಟ್ಟಿತು.

ದಸರೆಯ ಮರುದಿನ ಚೌಪಾಟಿಯ ಪೊಲೀಸ್ ಚೌಕಿಯಿಂದ ಕರೆ ಬಂತು. ಹತ್ತಿರದ ಯಾವುದೋ ಬಂಗಲೆಯ ಕಿಟಕಿ ಗಾಜನ್ನು ಯಾರೋ ಏರ್ ಗನ್ನಿನಿಂದ ಒಡೆದಿದ್ದರಂತೆ. ಹೊಸದಾಗಿ ಬಂದ ಫೌಜದಾರರು ಐದೂ ಅಂಗಡಿಯ ಗನ್ನುಗಳನ್ನು ಪರೀಕ್ಷೆ ಮಾಡಬೇಕೆಂದರು. ಪರೀಕ್ಷೆ ಸರಳ. ಐದು ಹೆಜ್ಜೆ ದೂರದಲ್ಲಿ ಬೆರಳು ದಪ್ಪದ ಒಂದು ಹಲಗೆ ನಿಲ್ಲಿಸುವುದು, ಹೊಡೆಯುವುದು. ಛರ್ರಾ ಹಲಗೆಯಲ್ಲಿ ಸಿಕ್ಕಿಕೊಂಡರೆ ಅದು ಆಟದ ಸಾಮಾನು, ಮನೆಗೆ ಒಯ್ಯಬಹುದು. ಹಲಗೆ ದಾಟಿದರೆ ಹತ್ಯಾರ, ಜಪ್ತಿ.

ನಾಲ್ವರ ಗನ್ನೂ ಪಾಸಾದವು. ಹಾಲವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ತನ್ನದನ್ನು ಮುಂದೆ ಚಾಚಿದಳು. ಹವಾಲ್ದಾರ ಸಾಯಬಣ್ಣ ಅಕ್ಕಲಕೋಟೆಯವನು, ಮನೆಮಾತು ಕನ್ನಡ. "ಮುದುಕೀಗೆ ಖುರ್ಚಿ ಬೇಕೇನ ಹಾಲವ್ವಾ?" ಎಂದು ನಕ್ಕು, ಛರ್ರಾ ತುಂಬಿ ಕುದುರೆ ಎಳೆದ.

ಧಡಾರ್!

ಏರ್ ಗನ್ನು ಫಟ್ ಎನ್ನಬೇಕು. ಇದು ದೀಪಾವಳಿಯ ಆಟಂಬಾಂಬಿನ ಹಾಗೆ ಸಿಡಿಯಿತು. ನಳಿಗೆಯಿಂದ ನೀಲಿ ಹೊಗೆ ಬಂತು. ಛರ್ರಾ ಹಲಗೆಯನ್ನು ತೂತು ಮಾಡಿ, ಹಿಂದೆ ಇದ್ದ ಕುಡಿಯುವ ನೀರಿನ ಮಡಕೆಗೆ ಹೊಡೆಯಿತು. ಮಡಕೆ ಎರಡು ಹೋಳಾಯಿತು. ಭೀಮರಾಯ ಕಣ್ಣು ಮುಚ್ಚಿ ನೆಲಕ್ಕೆ ಕೂತಿದ್ದ. ಸಾಯಬಣ್ಣ ಗನ್ನನ್ನು ಹಾವು ಹಿಡಿದವನಂತೆ ಕೈಯುದ್ದ ದೂರ ಹಿಡಿದಿದ್ದ. ಒಳಗಿನಿಂದ ಬಂದ ಫೌಜದಾರರು ಮೂಗು ಎಳೆದು, "ಇಲ್ಲಿ ಯಾರು ಭಜಿ ಕರೀತಿರೋದು?" ಎಂದು ಮರಾಠಿಯಲ್ಲಿ ಕೇಳಿದರು.

ಎಲ್ಲರೂ ನಕ್ಕರು, ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಫೌಜದಾರರು ತೂತಿನಲ್ಲಿ ಬೆರಳಿಟ್ಟು ನೋಡಿದರು. ಗನ್ನಿನ ಒಳಗೆ ಯಾರೋ ಕೈಯಾಡಿಸಿ ಜೋರು ಹೆಚ್ಚಿಸಿದ್ದಾರೆ ಎಂದರು. ಮೂರು ದಿನದ ನಂತರ ಪಂಚರ ಮುಂದೆ ಇನ್ನೊಮ್ಮೆ ಪರೀಕ್ಷೆ, ಅವತ್ತೂ ಹಲಗೆ ದಾಟಿದರೆ ಗನ್ನು ಸರಕಾರದ ಪಾಲು, ಅಂಗಡಿ ಬಂದ್. ಅಲ್ಲಿಯ ತನಕ ಗನ್ನು ಚೌಕಿಯಲ್ಲೇ ಇರಲಿ.

ಹಾಲವ್ವ ಬರಿಗೈಯಲ್ಲಿ ಪಾರ್ಲಾದಿಂದ ಮಲಾಡಿನ ಲೋಕಲ್ ಹತ್ತಿದಳು. ಕಣ್ಣ ಮುಂದೆ ಬರುತ್ತಿದ್ದದ್ದು ಇಟ್ಟಿಗೆಯ ರಾಶಿ. ಘಾಟ್ಕೋಪರಿನಲ್ಲಿ ಎಷ್ಟೊಂದು ಬಿಲ್ಡಿಂಗು ಏಳುತ್ತಿದ್ದವು, ಹೆಂಗಸರನ್ನು ಕೂಗಿ ಕರೆದು ಪುಟ್ಟಿ ಹೊರಿಸುತ್ತಿದ್ದರು. ಗನ್ನು ಹೋದರೆ ತಾನೂ ಆ ಸಾಲಿನಲ್ಲಿ. ಕೈ ತಾನಾಗಿ ನಡುನೆತ್ತಿಗೆ ಹೋಯಿತು. ಮನೆ ಸೇರಿ ಬಾಗಿಲು ಹಾಕಿದವಳೇ ಗಂಡನ ಮೇಲೆ ಹರಿಹಾಯ್ದಳು.

"ನೀವಽ ಹಾಳ ಮಾಡಿದ್ರಿ! ವಾಶರ್ ಹಾಕಸ್ತೀನಿ, ವಾಶರ್ ಹಾಕಸ್ತೀನಿ ಅಂತ ಕುಣಕೋಂತ ಹೋದ್ರಿ. ಏನ ಹಾಕಿ ಕೊಟ್ಟನೋ ಏನೋ ಆ ಫಕ್ರುಭೈ. ನಿಮ್ಮ ಕೈಯಾಗ ಕೊಟ್ಟದ್ದು ಯಾವುದರೆ ನೆಟ್ಟಗ ತಿರಗಿ ಬಂದೈತೇನು?"

ಭೀಮರಾಯ ಈ ಸಲ ನಗಲಿಲ್ಲ. ತಲೆ ತಗ್ಗಿಸಿ, "ಇರಬೌದು ಹಾಲಿ. ನಂದಽ ತಪ್ಪಿರಬೌದು" ಅಂದ.

ಮರುದಿನ ಬೆಳಿಗ್ಗೆ ಹಾಲವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಫಕ್ರುದ್ದೀನನ ಮೇಲೆ ದಂಡೆತ್ತಿ ಹೋದಳು. ಅವನೂ ಬಿಜಾಪುರದವನು. ಸ್ಟೇಶನ್ ಹತ್ತಿರದ ಒಂದು ಚಾಳಿನ ಮೆಟ್ಟಿಲ ಕೆಳಗೆ ಅವನ ಅಂಗಡಿ, ಅದರ ಹಿಂದೆಯೇ ಮನೆ. ಸ್ಟೋವು, ಬೀಗ, ಗ್ಯಾಸ್‌ಬತ್ತಿ, ಏರ್ ಗನ್ನು, ಏನು ಕೊಟ್ಟರೂ ಬಿಚ್ಚಿ ಜೋಡಿಸುವವನು. ಹಾಲವ್ವ ಬೈದು ಮುಗಿಸುವ ತನಕ ಬೀಡಿ ಸೇದುತ್ತ ಕೂತಿದ್ದ. ಉಸಿರು ತೆಗೆದುಕೊಳ್ಳಲು ಅವಳು ನಿಂತಾಗ ಬಾಯಿಬಿಟ್ಟ.

"ಹೋ ಗಯಾ? ಮುಗೀತೇನು? ಈಗ ನನ್ನ ಮಾತ ಕೇಳ್ರಿ ಅಕ್ಕಾ. ವಾಶರ್ ಹಾಕಿದ ಮ್ಯಾಲ ನಾ ಅಳತಿ ತಗೊಂಡೇ ಕೊಡಾಂವ. ನಿಮ್ಮ ಮುದುಕೀದು ಅರ್ಧಾ ಕಡ್ಡಿ ಇತ್ತು. ಅರ್ಧಾ ಅಂದ್ರ ಅರ್ಧಾ."

ಫಕ್ರುದ್ದೀನನ ಅಳತೆ ಎಂದರೆ ಹೀಗೆ: ಬಟ್ಟೆ ಒಗೆಯುವ ಸಾಬೂನಿನ ಉದ್ದನೆಯ ಬಾರನ್ನು ಮೂರು ಹೆಜ್ಜೆ ದೂರದಲ್ಲಿ ಇಡುವುದು, ಹೊಡೆಯುವುದು, ಛರ್ರಾ ಕೊರೆದ ತೂತಿನಲ್ಲಿ ಬೆಂಕಿಕಡ್ಡಿ ಇಳಿಬಿಟ್ಟು ಎಷ್ಟು ಆಳ ಹೋಯಿತೆಂದು ನೋಡುವುದು. ಸಾಬೂನನ್ನು ಅವನು ನೀರಿನ ಕೊಡದ ಪಕ್ಕದಲ್ಲೇ ಇಡುತ್ತಿದ್ದ. "ಸಾಬೂನ ಬಿಸಿಲಾಗ ಮೆತ್ತಗಾದ್ರ ಅದೂ ಸುಳ್ಳ ಹೇಳ್ತೈತಿ" ಎನ್ನುತ್ತಿದ್ದ. ಅವನ ಹೆಂಡತಿ ನಜ್ಮಾ ಮಾತ್ರ ತೂತುಬಿದ್ದ ಸಾಬೂನಿನಿಂದಲೇ ಬಟ್ಟೆ ಒಗೆದೂ ಒಗೆದೂ ಬೇಸತ್ತು, ಒಳಗಿನಿಂದಲೇ ಕೂಗಿದಳು: "ಇವತ್ತ ಹೊಸಾ ಬಾರ್ ಮುಟ್ಟಿದ್ರ ನೋಡ್ರಿ ಮತ್ತ!"

ಅವನು ಹೊಸ ಬಾರನ್ನೇ ಮುಟ್ಟಿದ. ರಿಪೇರಿಗೆ ಬಂದಿದ್ದ ಬೇರೊಂದು ಗನ್ನು ತೆಗೆದು ಹೊಡೆದ. ಕಡ್ಡಿ ಅರ್ಧ ಹೋಯಿತು. ಆಮೇಲೆ ಅದರೊಳಗೆ ಎರಡು ಹನಿ ಎಣ್ಣೆ ಬಿಟ್ಟು, ಉರಿಯುವ ಸ್ಟೋವಿನಿಂದ ಒಂದು ಮಾರು ದೂರದಲ್ಲಿ ಅದು ಬೆಚ್ಚಗಾಗುವ ತನಕ ಇಟ್ಟು, ಮತ್ತೆ ಹೊಡೆದ. ಧಡ್ ಅಂತು. ಹೊಗೆ, ಕರಿದ ವಾಸನೆ. ಕಡ್ಡಿ ಪೂರ್ತಿ ಮುಳುಗಿ ಕಾಣದಾಯಿತು.

ಹಾಲವ್ವ ಮೂಗು ಎಳೆದು ನೋಡಿದಳು. ಆ ವಾಸನೆಯ ಗುರುತು ಅವಳಿಗೆ ಹತ್ತಿತ್ತು.

"ಸೈಕಲ್ ಪಂಪ್ ಹೊಡದ್ರ ತಳಾ ಕಾಯ್ತೈತೋ ಇಲ್ಲೋ?" ಫಕ್ರುದ್ದೀನ ಬಿಡಿಸಿ ಹೇಳಿದ. "ಹಂಗಽ ಇದರ ಒಳಗ ಹವಾ ಗಪ್ ಅಂತ ಒತ್ತಿ ಕಾಯ್ತೈತಿ. ಎಣ್ಣಿ ಇದ್ರ ಭಗ್ ಅಂತ ಹತ್ತಿಕೊಂಡು ಛರ್ರಾನ ದೂಡತೈತಿ. ಲಾರಿ ಇಂಜಿನ್ ಇದ್ದಂಗ. ಸೆಕಿಯೊಳಗ ಇಟ್ರಂತೂ ಕೇಳಬ್ಯಾಡ್ರಿ, ಎಣ್ಣಿ ತೆಳ್ಳಗಾಗಿ ಎಲ್ಲಾ ಕಡೆ ಇಳೀತೈತಿ. ಆದ್ರ ಹೊಡದಂಗ ಹೊಡದಂಗ ಎಣ್ಣಿ ತೀರತೈತಿ, ಗನ್ನು ಮೊದಲಿನಂಗ ಆಕೈತಿ. ನೋಡ್ರಿ."

ಒಂದರ ಹಿಂದೆ ಒಂದು ಹೊಡೆದ. ಕಡ್ಡಿ ಮುಕ್ಕಾಲಾಯಿತು, ಆಮೇಲೆ ಅದಕ್ಕೂ ಕಡಿಮೆ. ಒಂಬತ್ತನೆಯದಕ್ಕೆ ಅರ್ಧಕ್ಕೆ ಬಂದು ನಿಂತಿತು.

"ಇದು ಎರಡ ಹನಿ. ನಿಮ್ಮದರಾಗ ಎಷ್ಟ ಹೋಗೇತಿ? ಯಾರ ಹಾಕಿದ್ರು?"

"ಯಾರೋ ಏನೋ!" ಎಂದಳು ಹಾಲವ್ವ, ಗೋಡೆಯ ಕಡೆ ನೋಡುತ್ತ. ಮತ್ತೆ ತಾನೇ ಅವನ ಕಡೆ ತಿರುಗಿ, "ಒಂದ ಬಟ್ಟಲಾ ಆದ್ರ?" ಎಂದು ಕೇಳಿದಳು.

ಫಕ್ರುದ್ದೀನನ ಕೈಯಿಂದ ಬೀಡಿ ಬಿತ್ತು. "ಯಾ ಅಲ್ಲಾ! ಗನ್ನಿಗೆ ಹಾಕಿದ್ರೋ, ಬದನಿಕಾಯಿ ಎಣಗಾಯಿಗೆ ಹಾಕಿದ್ರೋ?"

ಒಳಗಿನಿಂದ ನಜ್ಮಾ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಹಾಲವ್ವನ ಮುಖ ಕುಂಕುಮವಾಯಿತು. ಫಕ್ರುದ್ದೀನ ಮಾತ್ರ ಈಗ ನಗದೆ ಹೇಳಿದ: ನಾಳಿದ್ದು ಮೊದಲ ಹೊಡೆತ ಮತ್ತೆ ಹಲಗೆ ದಾಟೇ ದಾಟುತ್ತದೆ. ಹೆದರಬಾರದು. ಇಪ್ಪತ್ತು, ಮೂವತ್ತು ಸಲ ಹೊಡೆಯಿರಿ ಎಂದು ಸಾಹೇಬರನ್ನು ಕೇಳಬೇಕು. ಆದರೆ ಯಾಕೆ ಹೊಡೆಯಬೇಕೆಂದು ಹೇಳದಿದ್ದರೆ ಯಾವ ಸಾಹೇಬ ಕೇಳುತ್ತಾನೆ? ಎಣ್ಣೆ ಸುರಿದವರು ಮುಂದೆ ನಿಂತು, ನಾನು ಸುರಿದೆ ಅನ್ನಲೇಬೇಕು.

ಆ ಒಂದು ಮಾತು ಹಾಲವ್ವನಿಗೆ ಹತ್ತು ಪುಟ್ಟಿ ಇಟ್ಟಿಗೆಗಿಂತ ಭಾರವಾಯಿತು. ಮನೆಗೆ ಹೋಗಿ ಗಂಡನಿಗೆ ಹೇಳಬೇಕೆಂದು ಮೂರು ಸಲ ಬಾಯಿ ತೆರೆದಳು. ಮೊದಲನೆಯ ಸಲ "ರೊಟ್ಟಿ ಉಣ್ತೀರೇನು" ಎಂದಳು, ಎರಡನೆಯ ಸಲ "ನಳಕ್ಕ ನೀರ ಬಂತೇನೋ ನೋಡ್ರಿ" ಎಂದಳು, ಮೂರನೆಯ ಸಲ ಅವನ ಅಂಗಿಯ ಗುಂಡಿ ಕಿತ್ತುಹೋದದ್ದಕ್ಕೆ ಬೈದಳು. ಭೀಮರಾಯ ತಾನಾಗಿ ಗುಂಡಿ ಹಚ್ಚಿಕೊಳ್ಳಲು ಕೂತ. ಅವನ ದಪ್ಪ ಬೆರಳುಗಳ ನಡುವೆ ಸೂಜಿ ಒದ್ದಾಡುವುದನ್ನು ನೋಡಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಸೂಜಿಯನ್ನು ಕಸಿದುಕೊಂಡು ತಾನೇ ಹಚ್ಚಿಕೊಟ್ಟಳು.

ಮರುದಿನ, ಅಂದರೆ ಪರೀಕ್ಷೆಯ ಹಿಂದಿನ ದಿನ, ಸುಮ್ಮನೆ ಕೂರಲಾಗದೆ ಚೌಕಿಗೆ ಹೋದಳು. ಗನ್ನು ಹೇಗಿದೆ ಎಂದು ಸಾಯಬಣ್ಣನನ್ನು ಕೇಳಿದಳು. ನೆರಳಿನಲ್ಲಿ ಬಾಯಿ ಕೆಳಗೆ ಮಾಡಿ ಇಟ್ಟಿದ್ದರೆ ಎಣ್ಣೆ ಅಷ್ಟಿಷ್ಟಾದರೂ ಸೋರಿಹೋಗಿರುತ್ತದೆ ಎಂಬ ಆಸೆ.

"ಏನ ಚಿಂತಿ ಮಾಡಬ್ಯಾಡವಾ" ಎಂದ ಸಾಯಬಣ್ಣ, ಎದೆ ಉಬ್ಬಿಸಿ. "ಇಲ್ಲಿ ಸಮುದ್ರದ ಹವಾಕ್ಕ ಜಂಗ ಹಿಡೀತೈತಿ ಅಂತ ಮ್ಯಾಲಿನ ಮಾಳಿಗ್ಯಾಗ, ತಗಡಿನ ಕೆಳಗ, ಬಾಯಿ ಮ್ಯಾಲ ಮಾಡಿ ನಿಲ್ಲಿಸೀನಿ. ಬೆಚ್ಚಗ ಐತಿ, ಒಳ್ಳೇ ಬಾಣಂತಿ ಇದ್ದಂಗ. ಮ್ಯಾಲಿಂದ ಒಂದೀಟು ಎಣ್ಣೀನೂ ಬಿಟ್ಟೀನಿ, ನಮ್ಮ ರೈಫಲಿಗೆ ಬಿಡೂ ಎಣ್ಣಿ."

ಹಾಲವ್ವ ಅಲ್ಲಿಯೇ ಮೆಟ್ಟಿಲ ಮೇಲೆ ತಲೆಗೆ ಕೈ ಹಚ್ಚಿ ಕೂತಳು. ಸಾಯಬಣ್ಣ ಅವಳಿಗೆ ಸಂತೋಷಕ್ಕೆ ಹಾಗಾಯಿತೆಂದು ತಿಳಿದು ಚಹಾ ತರಿಸಿಕೊಟ್ಟ.

ಪರೀಕ್ಷೆಯ ದಿನ ಚೌಕಿಯ ಹಿತ್ತಲಿನಲ್ಲಿ ಜಾತ್ರೆಯಷ್ಟು ಜನ. ಉಳಿದ ನಾಲ್ಕು ಅಂಗಡಿಯವರು ಬಂದಿದ್ದರು. ಪಂಚರೆಂದು ಒಬ್ಬ ಭೇಲ್‌ಪುರಿಯವನನ್ನೂ ಎಳನೀರು ಮಾರುವ ಮಂಗಳೂರು ಕಡೆಯ ದೂಜನನ್ನೂ ಕೂರಿಸಿದ್ದರು. ಹೊಸ ಹಲಗೆ ನಿಂತಿತು. ಈ ಸಲ ಅದರ ಹಿಂದೆ ಮಡಕೆ ಇರಲಿಲ್ಲ, ಮರಳಿನ ಚೀಲವಿತ್ತು. ಫೌಜದಾರರು ಕಾಗದ ಬಿಚ್ಚಿ ಪೆನ್ನು ಹಿಡಿದು ಕೂತರು.

ಸಾಯಬಣ್ಣ ಹೊಡೆದ. ಮೊನ್ನೆಗಿಂತ ಜೋರಾಗಿ ಸಿಡಿಯಿತು. ಹಲಗೆಯಲ್ಲಿ ಆಚೆಯ ಬೆಳಕು ಕಾಣುವಂಥ ತೂತು. "ಬಲಾ ಉಂಟಲ್ಲ ಮಾರಾಯ್ರೆ ಇದಕ್ಕೆ!" ಎಂದ ದೂಜ. ಫೌಜದಾರರು ತಲೆಯಾಡಿಸಿ ಬರೆಯಲು ಬಗ್ಗಿದರು.

ಹಾಲವ್ವ ಫೌಜದಾರರ ಪೆನ್ನನ್ನೇ ನೋಡುತ್ತಿದ್ದಳು. ಈಗ ಹೇಳಬೇಕು. ಈಗ. ಇಷ್ಟು ಜನರ ಮುಂದೆ, ಆ ನಾಲ್ವರ ಮುಂದೆ, ಎಣ್ಣೆ ಸುರಿದ ಪೆದ್ದಿ ನಾನು ಎಂದು.

ಅಷ್ಟರಲ್ಲಿ ಯಾರೋ ಎದ್ದು ನಿಂತರು. ನೋಡಿದರೆ ಭೀಮರಾಯ. ಹೊಡೆತದ ಸದ್ದಿಗೆ ಮುಚ್ಚಿದ ಕಣ್ಣನ್ನು ಪೂರ್ತಿ ತೆರೆದೂ ಇರಲಿಲ್ಲ. ಎರಡೂ ಕೈ ಜೋಡಿಸಿ, ತಪ್ಪು ತನ್ನದು, ಸಜೆ ತನಗಿರಲಿ, ಗನ್ನು ಹೆಂಡತಿಗೆ ಕೊಡಿ ಎಂದು ತನಗೆ ಬರುವ ಹಿಂದಿಯಲ್ಲಿ ಹೇಳಿದ: "ಸಾಹೇಬ್, ಗಲ್ತಿ ಮೇರಾ ಹೈ. ವಾಶರ್ ಮೈ ಡಾಲಾ. ಔರತ್ ಕೋ ಕುಛ್ ಮಾಲೂಮ್ ನಹೀ. ಸಜಾ ಮೇರೇಕೋ ದೇವ್, ಗನ್ ಉಸ್ಕೋ ದೇವ್."

ಫೌಜದಾರರ ಹುಬ್ಬು ಮೇಲೇರಿತು. "ಅಂದರೆ ಜೋರು ಹೆಚ್ಚಿಸಿದವನು ನೀನು. ಹೆಸರು ಹೇಳು."

"ಭೀಮ..."

"ಸುಮ್ಮನ ಕೂಡ್ರಿ ನೀವು!" ಹಾಲವ್ವ ಕಿರುಚಿದ ರಭಸಕ್ಕೆ ಸಾಯಬಣ್ಣನ ಟೋಪಿ ಅಲುಗಿತು. ಅವಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು, ದನಿ ಮಾತ್ರ ಇಡೀ ಚೌಪಾಟಿಗೆ ಕೇಳುವಂತಿತ್ತು. "ಸಾಯಬಣ್ಣಾ, ಸಾಹೇಬ್ರಿಗೆ ಮರಾಠಿಯಾಗ ತಿಳಿಸಿ ಹೇಳ್ರಿ. ಈ ಮನಶ್ಯಾಗ ಸುಳ್ಳ ಹೇಳಾಕೂ ಬರೂದಿಲ್ಲ. ತಪ್ಪ ನಂದು. ಖಂಡೇಪೂಜಿ ದಿನಾ ಗನ್ನಿನ ಹೊಟ್ಟ್ಯಾಗ ಒಂದ ಬಟ್ಟಲಾ ಕುಸುಬಿ ಎಣ್ಣಿ ಸುರದಾಕಿ ನಾನು. ಸುರದು, ತಗಡಿನ ಬುಡಕ ಎರಡ ದಿನಾ ಬೇಯಿಸಿಟ್ಟಾಕಿ ನಾನು. ಮ್ಯಾಲ ಗಂಡನ್ನ ಬೈದಾಕೀನೂ ನಾನು. ಆ ಎಣ್ಣಿ ಸುಟ್ಟು ಹೋಗೂಮಟ ಹೊಡೀರಿ. ಆಮ್ಯಾಲೂ ಹಲಗಿ ದಾಟಿದ್ರ ಗನ್ನೂ ಒಯ್ರಿ, ನನ್ನನ್ನೂ ಒಯ್ರಿ!"

ಸಾಯಬಣ್ಣ ಮರಾಠಿಯಲ್ಲಿ ಹೇಳುತ್ತ ಹೋದ. ಫೌಜದಾರರು ಕೇಳುತ್ತ ಹೋದರು. ಎಣ್ಣೆಯ ಮಾತು ಬಂದಾಗ ಅವರ ಮೀಸೆ ಕುಣಿಯತೊಡಗಿತು. ಎಲ್ಲ ಕೇಳಿ ಮುಗಿಸಿ, ತಮ್ಮ ಹವಾಲ್ದಾರನನ್ನೇ ಗುರಾಯಿಸಿ ನೋಡಿದರು. "ನಮ್ಮ ಚೌಕಿಯ ರೈಫಲ್ಲುಗಳ ಪೂಜೆ ಮಾಡಿದ್ದು ಯಾರು?"

"ನಾನೇ ಸಾಹೇಬ್."

"ಎಣ್ಣೆ?"

ಸಾಯಬಣ್ಣ ಬೂಟಿನ ತುದಿ ನೋಡಿಕೊಂಡ. ಆಮೇಲೆ ಮುದುಕಿಯ ಕಡೆ ಬೆರಳು ತೋರಿಸಿ ಮೆಲ್ಲಗೆ, "ಇದಕ್ಕೂ ಒಂಚೂರು ಬಿಟ್ಟೀನ್ರಿ" ಎಂದ. ಹಿತ್ತಲೆಲ್ಲ ಗೊಳ್ಳೆಂದಿತು. ಫೌಜದಾರರೂ ನಕ್ಕರು, ಪೆನ್ನು ಮುಚ್ಚಿಟ್ಟರು, "ಹೊಡೀರಿ" ಎಂದರು.

ಹೊಡೆದರು ನೋಡಿ! ಎರಡನೆಯದು ದಾಟಿತು, ಮೂರನೆಯದು, ನಾಲ್ಕನೆಯದು ದಾಟಿದವು. ಸಾಯಬಣ್ಣನ ತೋಳು ಸೋತು ಇನ್ನೊಬ್ಬ ಪೊಲೀಸ ಗನ್ನು ಹಿಡಿದ, ಅವನ ಕೈಯಿಂದ ಮತ್ತೊಬ್ಬ. ಎಂಟನೆಯದಕ್ಕೆ ಸದ್ದು ಸಣ್ಣಗಾಯಿತು. ಹನ್ನೆರಡನೆಯದು ಹಲಗೆಯ ಬೆನ್ನಿನಲ್ಲಿ ಮೂಗು ತೂರಿಸಿ ನಿಂತಿತು. ಅದನ್ನು ನೋಡಿ ಜನ ಚಪ್ಪಾಳೆ ಹೊಡೆದರು. ಆಮೇಲಿನ ಒಂದೊಂದು ಹೊಡೆತಕ್ಕೂ ದೂಜ ಎದ್ದುಹೋಗಿ ತೂತಿನಲ್ಲಿ ಕಡ್ಡಿ ಹಾಕಿ ನೋಡಿ, "ಕಮ್ಮಿ ಆಯ್ತು, ಕಮ್ಮಿ ಆಯ್ತು!" ಎಂದು ಕೂಗತೊಡಗಿದ. ಹಾಲವ್ವ ಒಂದನ್ನೂ ಕಣ್ಣೆತ್ತಿ ನೋಡಲಿಲ್ಲ. ಭೀಮರಾಯನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಹೊಗೆ ನಿಂತಿತು, ಕರಿದ ವಾಸನೆ ನಿಂತಿತು. ಇಪ್ಪತ್ತೊಂಬತ್ತನೆಯ ಹೊಡೆತಕ್ಕೆ ಗನ್ನು ಫಟ್ ಎಂದಿತು, ಛರ್ರಾ ಹಲಗೆಗೆ ಅರ್ಧ ಕಚ್ಚಿಕೊಂಡು ಹಾಗೇ ಉಳಿಯಿತು. ಮೂವತ್ತನೆಯದೂ ಅಷ್ಟೇ.

ಫೌಜದಾರರು ತಾವೇ ಹೋಗಿ ನೋಡಿದರು, ಉಗುರಿನಿಂದ ಕೆದಕಿದರು. ಛರ್ರಾ ಕೈಗೆ ಬಂತು. "ಬಾಯಿ, ಇಷ್ಟು ಮೆತ್ತಗಿನ ಗನ್ನಿನಿಂದ ಹತ್ತು ಹೆಜ್ಜೆ ದೂರದ ಬಲೂನು ಒಡೆಯಿರಿ ಅಂತೀಯಲ್ಲ! ದಸರೆಗೆ ಮೊದಲು ನನ್ನ ಹೆಂಡತಿಯ ಮುಂದೆ ಎಂಟು ಸಲ ಹೊಡೆದೆ. ಒಂದಾದರೂ ಒಡೀಬೇಕಲ್ಲ?"

ಹಾಲವ್ವ ನಾಲಿಗೆ ಕಚ್ಚಿಕೊಂಡಳು. ಇವತ್ತಿನಿಂದಲೇ ಸ್ಟೂಲು ಐದು ಹೆಜ್ಜೆ ಮುಂದೆ ಬರಲಿ ಎಂದು ಹುಕುಂ ಆಯಿತು. ಅವಳು ಚಕಾರ ಎತ್ತದೆ ಒಪ್ಪಿಕೊಂಡಳು. ಪಂಚನಾಮೆಯಲ್ಲಿ ಕಾರಣ ಏನೆಂದು ಬರೆಯಲಿ ಎಂದು ಸಾಯಬಣ್ಣ ಕೇಳಿದಾಗ ಭೀಮರಾಯ, "ಸೆಕಿ ಅಂತ ಬರೀರಿ, ಸೆಕೀ ದೆಸಿಂದ" ಎಂದ. ಹಾಲವ್ವ ಅವನನ್ನು ಮೊಣಕೈಯಿಂದ ತಿವಿದು, ತನ್ನ ಹೆಸರನ್ನೇ ಬರೆಸಿ, ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಗನ್ನು ಎತ್ತಿಕೊಂಡು ಇಬ್ಬರೂ ಚೌಕಿಯಿಂದ ಹೊರಗೆ ಬಂದರು. ಸಮುದ್ರ ಇಳಿದಿತ್ತು, ಸಂಜೆಯ ಗಿರಾಕಿಗಳು ಆಗಲೇ ಬರತೊಡಗಿದ್ದರು. ಹಾಲವ್ವ ಗನ್ನನ್ನು ಎದೆಗೆ ಅವಚಿಕೊಂಡು ಬಿರಬಿರನೆ ನಡೆಯುತ್ತಿದ್ದಳು. ಭೀಮರಾಯ ಹಿಂದೆ ಉಳಿದ. ತಿರುಗಿ ನೋಡಿದರೆ ಮರಳಿನಲ್ಲಿ ನಿಂತು ಒಬ್ಬನೇ ನಗುತ್ತಿದ್ದ.

"ಏನಾತ್ರಿ? ಹುಚ್ಚ ಹಿಡೀತೇನು?"

"ಹಾಲಿ, ಇನ್ನೊಮ್ಮೆ ಹೇಳ."

"ಏನ ಹೇಳಲಿ?"

"ಅದಽ. ತಪ್ಪ ಯಾರದು ಅಂತ."

ಅವಳು ಹೊಡೆಯುವವಳಂತೆ ಗನ್ನಿನ ಹಿಡಿ ಎತ್ತಿದಳು. ಅವನು ಕಣ್ಣು ಮುಚ್ಚಿ ನಿಂತ, ನಗು ಮಾತ್ರ ನಿಲ್ಲಿಸಲಿಲ್ಲ. ತಾನು ಬೈದಾಗ ತಲೆ ತಗ್ಗಿಸಿದ, ತನಗಾಗಿ ಸಜೆ ಬೇಡಿಕೊಂಡ ಈ ದೊಡ್ಡ ಆಳನ್ನು ನೋಡಿ ಹಾಲವ್ವನಿಗೆ ಎಲ್ಲಿಲ್ಲದ ಪ್ರೀತಿ ಬಂತು. ಎತ್ತಿದ ಗನ್ನು ತಾನಾಗಿ ಕೆಳಗಿಳಿಯಿತು.

"ನಂದು" ಎಂದಳು, ಮೆಲ್ಲಗೆ. "ಸಾಕೇನು?"

"ಕೇಳಿಸ್ಲಿಲ್ಲ."

"ನಂದು ಅಂದ್ನೆಲ್ಲ! ನಂದು! ತಪ್ಪ ನಂದು!"

ಪಕ್ಕದಲ್ಲಿ ಮೆಕ್ಕೆಜೋಳದ ತೆನೆ ಸುಡುತ್ತಿದ್ದವನು ಬೀಸಣಿಗೆ ನಿಲ್ಲಿಸಿ ಇವರ ಕಡೆ ತಿರುಗಿದ. ಹಾಲವ್ವ ಅವನಿಗೂ ಒಮ್ಮೆ ಹೇಳಿ, ನಗುತ್ತ, ಸ್ಟೂಲು ಐದು ಹೆಜ್ಜೆ ಮುಂದಿಡಲು ಹೋದಳು.